ನೋಟದ ಋಣ

ಕಣ್ಣಿಗೆ ಬಿದ್ದುದೆಲ್ಲವೂ ತನ್ನ ಸಂತೋಷಕ್ಕಾಗಿಯೇ ಇದೆಯೆಂದು ಬಗೆಯುವುದು ಮನುಷ್ಯನ ಸಹಜ ದೌರ್ಬಲ್ಯ. ಹಕ್ಕಿಯನ್ನು ಹಿಡಿಯುವವನಿಗಿಂತ ಅದನ್ನು ನೋಡಿ ಹಿಗ್ಗುವವನು ಮೇಲೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ನೋಡಿದ ಮಾತ್ರಕ್ಕೆ ಹೊಣೆ ಹುಟ್ಟುವುದಿಲ್ಲವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ದಾವಣಗೆರೆಯಿಂದ ಹದಡಿಯ ದಾರಿ ಹಿಡಿದು ಬೆಳಗಿನ ಜಾವದಲ್ಲಿ ನಡೆದುಹೋಗುವವರಿಗೆ ಪಕ್ಷಿದರ್ಶನವು ಅನಾಯಾಸವಾಗಿ ಲಭಿಸುತ್ತದೆ. ಭದ್ರಾ ನಾಲೆಯ ನೀರುಂಡ ಗದ್ದೆಗಳಲ್ಲಿ ಬೆಳ್ಳಕ್ಕಿಗಳು, ತಂತಿಯ ಮೇಲೆ ಕಾಜಾಣ, ನೀರಂಚಿನಲ್ಲಿ ಮಿಂಚುಳ್ಳಿ. ಇವುಗಳ ನಡುವೆ ಟಿಟ್ಟಿಭದ ರೀತಿಯೇ ಬೇರೆ. ಅದು ಮರದಲ್ಲಿ ಗೂಡು ಕಟ್ಟದು. ಬರಿ ನೆಲದ ಹರಳುಗಳ ನಡುವೆ ಮಣ್ಣಿನ ಬಣ್ಣದ ಮೊಟ್ಟೆಗಳನ್ನಿಡುತ್ತದೆ. ಮನುಷ್ಯನು ಸಮೀಪಿಸಿದೊಡನೆ ಮೇಲಕ್ಕೆದ್ದು, ಸುತ್ತಿ ಸುತ್ತಿ ಕೂಗುತ್ತದೆ. ನೋಡುವವನಿಗೆ ಅದು ಕೌತುಕ; ಹಕ್ಕಿಗೆ ಪ್ರಾಣಸಂಕಟ. ಅವನು ಅಲ್ಲಿ ನಿಂತಷ್ಟು ಹೊತ್ತು ಮೊಟ್ಟೆಗಳಿಗೆ ಬಿಸಿಲಿನ ಭಯ, ಕಾಗೆಯ ಭಯ. ಅವನು ಕಲ್ಲೆಸೆದವನಲ್ಲ, ಬಲೆಯೊಡ್ಡಿದವನೂ ಅಲ್ಲ. ಆದರೂ ಮರಿಗಳ ನಾಶಕ್ಕೆ ಕಾರಣನಾಗಬಲ್ಲನು. ಎಂದಮೇಲೆ, ಎಲ್ಲಿ ನಿಲ್ಲಬೇಕೆಂಬುದನ್ನು ಅರಿಯುವುದೇ ನೋಡುವವನ ಮೊದಲ ಧರ್ಮ.

ದೂರ ನಿಂತುದರಿಂದಲೇ ಋಣವು ತೀರಿತೆ? ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ಮುಂದೆ ಹೋದರೆ ರಾಣೆಬೆನ್ನೂರು. ಅಲ್ಲಿ 1974ರಲ್ಲಿ 119 ಚದರ ಕಿಲೋಮೀಟರ್ ವಿಸ್ತಾರದ ಕೃಷ್ಣಮೃಗಗಳ ಅಭಯಾರಣ್ಯವು ಸ್ಥಾಪಿತವಾಯಿತು. ಎರೆಭೂತವೆಂಬ ಹಿರಿಯ ಹಕ್ಕಿಗೂ ಅದು ನೆಲೆಯಾಗಿತ್ತು. ಕಣ್ಣು ಹರಿಯುವವರೆಗೂ ತೆರೆದಿರುವ ಹುಲ್ಲುಬಯಲೇ ಆ ಹಕ್ಕಿಯ ಮನೆ. ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ನೆಲದ ಮೇಲೆ. ಮರವಿಲ್ಲದ ಬಯಲು ಮನುಷ್ಯರ ದೃಷ್ಟಿಗೆ ಬಂಜರಾಗಿ ತೋರಿತು. ನೀಲಗಿರಿಯ ನೆಡುತೋಪುಗಳು ಎದ್ದವು. ಕೃಷ್ಣಮೃಗಗಳು ಉಳಿದವು, ಎರೆಭೂತವು ಅಲ್ಲಿಂದ ಮರೆಯಾಯಿತು. ಹಸುರನ್ನು ಬೆಳೆಸಿದವರಲ್ಲಿ ದ್ವೇಷವಿರಲಿಲ್ಲ. ಅವರು ಅಲ್ಲಿ ಇಲ್ಲದ ಮರವನ್ನು ಕಂಡರೇ ಹೊರತು ಇದ್ದ ಹುಲ್ಲನ್ನು ಕಾಣಲಿಲ್ಲ. ನೋಡದೆ ಮಾಡಿದ ಉಪಕಾರವೂ ಅಪಕಾರವಾಗಿ ಪರಿಣಮಿಸುವುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ಹೊಟ್ಟೆಯ ಚಿಂತೆಯುಳ್ಳ ಬೇಸಾಯಗಾರನಿಗೆ ಹಕ್ಕಿಯ ಹೊಣೆಯನ್ನೂ ಹೊರಿಸುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ಈ ಆಕ್ಷೇಪವು ಹಗುರವಾದುದಲ್ಲ. ಆದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ನಡುವಣ ಹುಣಿಸೆಮರಗಳಲ್ಲಿಯೇ ಮರಿಮಾಡುತ್ತವೆ. ಊರವರು ಹಿಕ್ಕೆಯ ದುರ್ವಾಸನೆಯನ್ನು ಸಹಿಸಿ, ಹುಣಿಸೆಯ ಫಸಲಿನಲ್ಲಿ ನಷ್ಟವನ್ನೂ ಒಪ್ಪಿ, ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಂಡಿದ್ದಾರೆ; ಆ ಹಿಕ್ಕೆಯನ್ನೇ ಹೊಲಕ್ಕೆ ಗೊಬ್ಬರವಾಗಿಸಿದ್ದಾರೆ. ಅದು ಶ್ರೀಮಂತರ ಊರಲ್ಲ. ದೂರದರ್ಶಕವನ್ನು ಹಿಡಿದು ನೂರು ಹಕ್ಕಿಗಳ ಹೆಸರು ಹೇಳಬಲ್ಲವನ ವಿದ್ಯೆಯು ಗೌರವಾರ್ಹವೇ ಸರಿ. ಆದರೆ ಒಂದು ಹಕ್ಕಿಗೆ ಎಡೆಗೊಟ್ಟವನ ನೋಟವು ಅದಕ್ಕಿಂತ ಆಳವಾದುದು.

ಆದುದರಿಂದ ಬೆಳಗಿನ ಪಕ್ಷಿವೀಕ್ಷಣೆಯು ವಿನೋದವಾಗಿ ಆರಂಭವಾದರೂ ವಿನೋದದಲ್ಲಿಯೇ ಮುಗಿಯಬಾರದು. ಟಿಟ್ಟಿಭದ ಮೊಟ್ಟೆಯೊಡೆಯಲು ಸುಮಾರು ನಾಲ್ಕು ವಾರ ಬೇಕು. ಅಷ್ಟು ಕಾಲ ಮೊರದಗಲದ ನೆಲವನ್ನು ಉಳದೆ ಬಿಟ್ಟು ನೇಗಿಲನ್ನು ಬಳಸಿ ನಡೆಸುವ ರೈತನಿಗೆ ತಾನು ಪಕ್ಷಿವೀಕ್ಷಕನೆಂಬ ಅರಿವೇ ಇರಲಾರದು. ನೋಟದ ಋಣವನ್ನು ಸಲ್ಲಿಸಿದವನು ಅವನು.