ಹೊರೆಯನ್ನು ಹಂಚಿಕೊಳ್ಳುವ ದಾಸೋಹ

ಕಾಯಕಗಳೆಲ್ಲಕ್ಕೂ ಒಂದು ಸಂಜೆಯುಂಟು. ಒಕ್ಕಲಿಗನು ನೇಗಿಲನ್ನಿಳಿಸುವನು, ನೇಕಾರನು ಮಗ್ಗದಿಂದೇಳುವನು. ಮಕ್ಕಳನ್ನು ಸಲಹುವ ಕಾಯಕಕ್ಕಾದರೋ ಹಗಲಿರುಳೆಂಬ ಭೇದವಿಲ್ಲ. ಅದರಲ್ಲಿಯೂ ಸ್ವಲೀನತೆ, ಅಂದರೆ ವೈದ್ಯರು ಆಟಿಸಂ ಎಂದು ಹೆಸರಿಸುವ ಸ್ಥಿತಿಯುಳ್ಳ ಮಗುವನ್ನು ಸಲಹುವ ತಾಯಿತಂದೆಗಳ ಮತ್ತು ಆ ಮಗುವಿಗೆ ವಿದ್ಯೆ ಕಲಿಸುವ ಉಪಾಧ್ಯಾಯರ ಮನಸ್ಸು ಎಷ್ಟು ದಣಿಯುವುದೆಂಬುದನ್ನು ಲೋಕವು ಬಹುಮಟ್ಟಿಗೆ ಅರಿತಿಲ್ಲ. ಮಗುವಿನ ಕ್ಷೇಮವನ್ನು ಕೇಳುವವರು ಹಲವರು; ಮಗುವನ್ನು ಹಿಡಿದ ಕೈಯ ಕ್ಷೇಮವನ್ನು ಕೇಳುವವರು ವಿರಳ.

ಸ್ವಲೀನತೆಯು ಅಂಟುಜಾಡ್ಯವಲ್ಲ, ಬುದ್ಧಿಭ್ರಮಣೆಯೂ ಅಲ್ಲ. ಅದು ಮೆದುಳಿನ ಬೆಳವಣಿಗೆಯ ಕ್ರಮದಲ್ಲಿಯೇ ಇರುವ ಭಿನ್ನತೆ. ಹೆಸರು ಹಿಡಿದು ಕರೆದರೂ ಮಗು ತಿರುಗಿ ನೋಡದಿರಬಹುದು. ಮಾತು ತಡವಾಗಬಹುದು, ಕೆಲವರಿಗೆ ಬಾರದೆಯೂ ಇರಬಹುದು. ದಿನಚರಿಯು ಕೊಂಚ ಬದಲಾದರೂ ಕಳವಳವುಂಟಾಗಬಹುದು. ಜಾತ್ರೆಯ ಡೊಳ್ಳಿನ ಸದ್ದು, ಅಡುಗೆಮನೆಯ ಕುಕ್ಕರಿನ ಸೀಟಿ ಇತರರಿಗೆ ಸಾಮಾನ್ಯವಾದರೂ ಅಂತಹ ಮಗುವಿಗೆ ತಾಳಲಾರದ ಬಾಧೆಯಾಗಬಹುದು. ಅನೇಕ ಮಕ್ಕಳಿಗೆ ನಿದ್ರೆಯೂ ಸರಿಯಾಗಿ ಹತ್ತದು. ಮಗುವು ಎಚ್ಚರವಿದ್ದ ರಾತ್ರಿ ತಾಯಿಗೂ ಜಾಗರಣೆಯೇ. ಹಗಲು ಬಸ್ಸಿನಲ್ಲಿ ಮಗು ಚೀರಿದರೆ ಸುತ್ತಲಿನ ಕಣ್ಣುಗಳೆಲ್ಲ ತಾಯಿಯ ಮೇಲೆ. ಇವೆಲ್ಲಕ್ಕಿಂತ ಮಿಗಿಲಾಗಿ, ‘ನಮ್ಮ ಕಾಲಾನಂತರ ಇದಕ್ಕೆ ಯಾರು ದಿಕ್ಕು?’ ಎಂಬ ಪ್ರಶ್ನೆಯು ಎದೆಯಲ್ಲಿ ಮುಳ್ಳಿನಂತೆ ನೆಟ್ಟಿರುವುದು.

ಇಷ್ಟು ಭಾರದ ಮೇಲೆ ಲೋಕವು ನಿಂದೆಯ ಭಾರವನ್ನೂ ಹೇರಿತು. 1943ರಲ್ಲಿ ಅಮೆರಿಕೆಯ ವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳನ್ನು ಪರೀಕ್ಷಿಸಿ ಈ ಸ್ಥಿತಿಯನ್ನು ವಿವರಿಸಿದರು. ಆ ಬಳಿಕ, ತಾಯಿಯ ಮಮತೆಯು ತಣ್ಣಗಿರುವುದೇ ಇದಕ್ಕೆ ಕಾರಣವೆಂಬ ವಾದವು ಅಲ್ಲಿ ಹಬ್ಬಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅವರ ಗ್ರಂಥವು ಅದಕ್ಕೆ ಇನ್ನಷ್ಟು ಪ್ರಚಾರ ಕೊಟ್ಟಿತು. ಎಷ್ಟೋ ತಾಯಂದಿರು ತಮ್ಮ ಪ್ರೀತಿಯನ್ನು ತಾವೇ ಸಂಶಯಿಸುತ್ತ ಬೆಂದುಹೋದರು. ಆದರೆ ಸತ್ಯವು ಬಹುಕಾಲ ಅಡಗಿರಲಾರದಷ್ಟೆ. ಸ್ವತಃ ಇಂತಹ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಅವರು 1964ರಲ್ಲಿಯೇ ಗ್ರಂಥ ಬರೆದು ಆ ವಾದವನ್ನು ಖಂಡಿಸಿದ್ದರು. 1969ರಲ್ಲಿ ಕ್ಯಾನರ್ ಅವರೇ ತಾಯಿತಂದೆಗಳ ಸಭೆಯಲ್ಲಿ ನಿಂತು ಅವರು ನಿರ್ದೋಷಿಗಳೆಂದು ಸಾರಿದರು. 1977ರಲ್ಲಿ ಫೋಲ್‌ಸ್ಟೈನ್ ಮತ್ತು ರಟ್ಟರ್ ಅವರು ಅವಳಿ ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನವು ಇದರಲ್ಲಿ ಅನುವಂಶಿಕತೆಯ ಪಾತ್ರವು ಹಿರಿದೆಂದು ತೋರಿತು.

ಅಮೆರಿಕೆಯ ಮಾತು ಅಂತಿರಲಿ. ಈ ನಾಡಿನಲ್ಲಿ ಆ ನಿಂದೆಯು ಬೇರೆಯ ವೇಷದಲ್ಲಿ ಬರುವುದು. ಬಸುರಿಯಿದ್ದಾಗ ಗ್ರಹಣ ನೋಡಿದಳು, ಯಾರದೋ ದೃಷ್ಟಿ ತಗುಲಿತು, ಹಿಂದಿನ ಜನ್ಮದ ಪಾಪವು ಕಾಡಿತು ಎಂದು ಬಂಧುಗಳೇ ಆಡುವರು. ಕರ್ಮದ ಲೆಕ್ಕವನ್ನು ಬಲ್ಲವನು ಶಿವನೊಬ್ಬನೇ. ಆ ಲೆಕ್ಕದ ಪುಸ್ತಕವನ್ನು ಅವನು ನೆರೆಮನೆಯವರ ಕೈಗೆ ಕೊಟ್ಟಿಲ್ಲ. ಹುಟ್ಟನ್ನು ಹಿಡಿದು ಜೀವವನ್ನು ಹೀನವೆಂದು ಅಳೆಯುವುದನ್ನೇ ಶರಣರು ಅಲ್ಲಗಳೆದರು. ಅವರ ಹೆಸರು ಹೇಳುವವರು ನೊಂದ ತಾಯಿಯ ಮುಂದೆ ಪಾಪದ ಮಾತೆತ್ತುವುದು ಶರಣಮಾರ್ಗಕ್ಕೆ ತಕ್ಕುದಲ್ಲ.

ಉಪಾಧ್ಯಾಯರ ಪಾಡೂ ಇದಕ್ಕಿಂತ ತೀರ ಭಿನ್ನವಲ್ಲ. ನಲವತ್ತು ಮಕ್ಕಳ ನಡುವೆ ಇಂತಹ ಒಂದು ಮಗುವಿದ್ದು, ವಿಶೇಷ ತರಬೇತಿಯಾಗಲಿ ಸಹಾಯಕರಾಗಲಿ ಇಲ್ಲದಿದ್ದರೆ, ಎಂತಹ ತಾಳ್ಮೆಯೂ ಕ್ರಮೇಣ ಸವೆಯುವುದು. ಇದನ್ನು ಮನಶ್ಶಾಸ್ತ್ರಜ್ಞರೂ ಗುರುತಿಸಿರುವರು. ಪರಸೇವೆಯಲ್ಲಿ ತೊಡಗಿದವರಲ್ಲಿ ಕಾಣುವ ಈ ಬಳಲಿಕೆಯನ್ನು 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ವಿವರಿಸಿದರು. ಕ್ರಿಸ್ಟಿನಾ ಮಸ್ಲಾಕ್ ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿದರು. ಮೊದಲನೆಯದು ಭಾವವು ಬರಿದಾಗುವುದು. ಎರಡನೆಯದು ಎದುರಿಗಿರುವವರ ವಿಷಯದಲ್ಲಿ ಮನಸ್ಸು ಕಲ್ಲಾಗುವುದು. ಮೂರನೆಯದು ತನ್ನಿಂದೇನೂ ಆಗದೆಂಬ ನಿರಾಶೆ. ಮಗುವನ್ನು ಗದರಿಸಿ, ಬಳಿಕ ಏಕಾಂತದಲ್ಲಿ ಪರಿತಪಿಸುವ ಉಪಾಧ್ಯಾಯರು ಕ್ರೂರಿಗಳೆಂದು ಹೇಳಲಾಗದು. ಅನೇಕ ವೇಳೆ ಅವರು ಬರಿದಾದ ಕೊಡಗಳು. ಬರಿದಾದ ಕೊಡದಿಂದ ನೀರು ಬಾರದಿದ್ದರೆ ಕೊಡವನ್ನು ಬೈದು ಫಲವೇನು?

ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯತಕ್ಕುದು. ಪತಿಯಾದ ಮಾರಯ್ಯನು ಚೆಲ್ಲಿದ ಅಕ್ಕಿಯನ್ನಾಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಹಿಗ್ಗಲಿಲ್ಲ. ಮಿಕ್ಕುದನ್ನು ಇದ್ದಲ್ಲಿಗೇ ಮರಳಿಸಿ ಬರುವಂತೆ ಹೇಳಿದಳು. ಇದನ್ನು ಸಂಗ್ರಹಬುದ್ಧಿಯ ನಿಷೇಧವೆಂದು ಅರ್ಥೈಸುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಕಾಯಕಕ್ಕೂ ಒಂದು ಅಳತೆಯುಂಟೆಂಬ ತತ್ತ್ವವು ಅದರೊಳಗಡಗಿದೆ. ಅಕ್ಕಿಯು ಅಳತೆ ಮೀರಿದರೆ ಮರಳಿಸಬೇಕಾದಂತೆ, ಹೊರೆಯು ಅಳತೆ ಮೀರಿದರೆ ಅದನ್ನೂ ಸಮುದಾಯಕ್ಕೆ ಮರಳಿಸಬೇಕು. ಒಬ್ಬ ತಾಯಿ ತನ್ನ ಶಕ್ತಿ ಮೀರಿ ಹೊತ್ತು ಕುಸಿದರೆ ಅದು ಭಕ್ತಿಯ ಗುರುತಲ್ಲ, ಸುತ್ತಲಿನವರ ಲೋಪದ ಗುರುತು. ಆದುದರಿಂದ ಸಹಾಯ ಕೇಳುವುದು ಸೋಲಲ್ಲ. ಕೇಳುವ ಮೊದಲೇ ಕೊಡುವುದು ದಾಸೋಹ.

ದಾಸೋಹವೆಂದರೆ ಅನ್ನವನ್ನಿಕ್ಕುವುದು ಮಾತ್ರವಲ್ಲ. ವಾರಕ್ಕೆರಡು ಗಂಟೆ ಮಗುವಿನ ಜೊತೆ ಕುಳಿತು ತಾಯಿಗೆ ನಿದ್ರೆಯನ್ನು ಕೊಡುವ ಅತ್ತಿಗೆಯದು ದಾಸೋಹ. ಮಗುವಿನ ಪಾಲನೆಯು ಹೆಂಡತಿಯೊಬ್ಬಳದೆನ್ನದೆ ರಾತ್ರಿಯ ಸರದಿಯನ್ನು ತಾನೂ ವಹಿಸುವ ತಂದೆಯದು ದಾಸೋಹ. ಮುಂದೇನು ನಡೆಯುವುದೆಂದು ಚಿತ್ರಗಳಿಂದ ಮೊದಲೇ ತಿಳಿಸುವುದು, ತರಗತಿಯಲ್ಲಿ ಸದ್ದಿಲ್ಲದ ಒಂದು ಮೂಲೆಯಿರುವುದು ಮಗುವಿನ ಕಳವಳವನ್ನು ತಗ್ಗಿಸಬಲ್ಲುವು. ಅದಕ್ಕೆ ಅನುಕೂಲವನ್ನೂ ಉಪಾಧ್ಯಾಯರಿಗೆ ಬಿಡುವನ್ನೂ ಒದಗಿಸುವ ಮುಖ್ಯೋಪಾಧ್ಯಾಯರದು ದಾಸೋಹ. ಜಾತ್ರೆಯ ಕಾಲದಲ್ಲಿ ಇಂತಹ ಮನೆಯವರಿಗೆ ಶಾಂತವಾದ ಒಂದು ಕೋಣೆಯನ್ನು ಬಿಟ್ಟುಕೊಟ್ಟರೆ ಮಠಕ್ಕೂ ಅದು ಶೋಭೆ.

ನಾಡಿನಲ್ಲಿ ನೆರವಿನ ದಾರಿಗಳೂ ಉಂಟು. ಮೈಸೂರಿನಲ್ಲಿ 1965ರಿಂದ ನಡೆದುಬಂದಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವುಗಳಲ್ಲಿ ಮಗುವಿನ ತಪಾಸಣೆ ಮತ್ತು ತಾಯಿತಂದೆಗಳಿಗೆ ಮಾರ್ಗದರ್ಶನ ದೊರೆಯುವುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಗುರುತಿಸಿದ 21 ಸ್ಥಿತಿಗಳಲ್ಲಿ ಸ್ವಲೀನತೆಯೂ ಒಂದು. ಕಾಲಾನಂತರದ ಚಿಂತೆಗೆ ಉತ್ತರವಾಗಿ, 18 ತುಂಬಿದವರಿಗೆ ಪಾಲಕರನ್ನು ನೇಮಿಸುವ ಏರ್ಪಾಡನ್ನು 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯು ಮಾಡಿದೆ. ನಿದ್ರೆ ಹಾರಿ, ಅನ್ನ ಸೇರದೆ, ಬಾಳೇ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದವರು ಹಗಲಾಗಲಿ ಇರುಳಾಗಲಿ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ಸೇವೆಯದು, ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರಕ್ಕೆ ಔಷಧ ಕೇಳಲು ನಾಚದವರು ಮನದ ನೋವಿಗೆ ನಾಚಬೇಕಾದ ಕಾರಣವಿಲ್ಲ.

ಮಾತು ಬಾರದ ಮಗುವಿನಲ್ಲಿಯೂ ಬೆಳಗುವ ಚೈತನ್ಯವು ಶಿವನದೇ ಎಂದು ನಂಬುವವರು, ಆ ಚೈತನ್ಯವನ್ನು ಕಾಯುತ್ತಿರುವ ಹಣತೆಯಲ್ಲಿ ಎಣ್ಣೆಯಿದೆಯೇ ಎಂದು ಬಗ್ಗಿ ನೋಡಬೇಕು. ಊರಿನಲ್ಲಿ ಅಂತಹ ಮನೆಯೊಂದಿದ್ದರೆ ಬರುವ ಸೋಮವಾರದೊಳಗೆ ಅದರ ಬಾಗಿಲಿಗೆ ಹೋಗಿ, ಉಪದೇಶವನ್ನು ಹೊರಗಿಟ್ಟು, ‘ಯಾವ ಕೆಲಸ ಮಾಡಿಕೊಡಲಿ, ತಾಯೀ?’ ಎಂದು ಕೇಳುವವನೇ ಶರಣ.