ಕಾಡಿನ ಹಾದಿಯಲ್ಲಿ ಕೋವಿ: ಒಂದು ಧರ್ಮಜಿಜ್ಞಾಸೆ

ಕಳೆದ ಆಯುಧಪೂಜೆಯ ದಿನ ಶ್ರೀಮಠದ ಅಂಗಳದಲ್ಲಿ ವಾಹನಗಳ ಪೂಜೆ ಮುಗಿಯುತ್ತ ಬಂದಿತ್ತು. ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಹೊಸ ಜೀಪನ್ನು ಪೂಜೆ ಮಾಡಿಸಿದ ಬಳಿಕ, ಬಟ್ಟೆಯಲ್ಲಿ ಸುತ್ತಿದ್ದ ಜೋಡುನಳಿಕೆಯ ಕೋವಿಯೊಂದನ್ನು ತಂದು ನಮ್ಮ ಮುಂದಿಟ್ಟರು. “ಬುದ್ಧೀ, ಗೆಳೆಯರೆಲ್ಲ ಸೇರಿ ಜೀಪುಗಳಲ್ಲಿ ಕಾಡಂಚಿನ ದಾರಿಗಳನ್ನು ಸುತ್ತಿ ಬರಬೇಕೆಂದಿದ್ದೇವೆ. ಹೆಂಡತಿ ಮಕ್ಕಳೂ ಬರುತ್ತಾರೆ. ರಕ್ಷಣೆಗೆ ಇದು ಜೊತೆಗಿರಲಿ ಎಂದುಕೊಂಡಿದ್ದೇನೆ. ನಮ್ಮ ತಂದೆಯವರ ಕೋವಿ. ಪರವಾನಗಿ ಈಗ ನನ್ನ ಹೆಸರಿಗೆ ಬಂದಿದೆ. ತಮ್ಮ ಕೈಯಿಂದ ವಿಭೂತಿ ಹಚ್ಚಿಕೊಡಬೇಕು” ಎಂದು ಬಿನ್ನವಿಸಿದರು.

ಜೀಪಿಗೆ ವಿಭೂತಿ ಧರಿಸಿದ ನಮ್ಮ ಕೈ ಕೋವಿಯ ಮುಂದೆ ತಡೆಯಿತು. ಆಯುಧಪೂಜೆ ಎಂಬ ಹೆಸರೇ ಆಯುಧದಿಂದ ಬಂದುದಲ್ಲವೇ, ಕೈ ಏಕೆ ತಡೆಯಬೇಕು? “ಸ್ವಲ್ಪ ಕುಳಿತುಕೋ ಅಪ್ಪ” ಎಂದು ಹೇಳಿ ಅವರೊಡನೆ ಆಡಿದ ಮಾತುಗಳನ್ನೂ, ಅನಂತರ ನಮ್ಮ ಮನಸ್ಸಿನಲ್ಲಿ ಬೆಳೆದ ವಿಚಾರವನ್ನೂ ಸದ್ಭಕ್ತರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ, ಆ ಭಕ್ತರ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಾಡಂಚಿನ ಊರುಗಳಲ್ಲಿ ಬಾಳುವವರಿಗೆ ಕಾಡೆಂದರೆ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2018ರ ಮಾರ್ಚ್ ತಿಂಗಳಿನಲ್ಲಿ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ನಿರ್ದೇಶಕರಾಗಿದ್ದ ಎಸ್. ಮಣಿಕಂದನ್ ಅವರು ಕರ್ತವ್ಯದ ಮೇಲೆ ಕಾಡಿಗೆ ಹೋಗಿದ್ದಾಗಲೇ ಆನೆಯ ದಾಳಿಗೆ ತುತ್ತಾದರು. 2025ರ ಕೊನೆಯ ತಿಂಗಳುಗಳಲ್ಲಿ ಸರಗೂರು ಭಾಗದಲ್ಲಿ ಹೊಲದಲ್ಲಿ ದುಡಿಯುತ್ತಿದ್ದ ರೈತರು ಹುಲಿಗೆ ಬಲಿಯಾದಾಗ, ಸರ್ಕಾರವು ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಬೇಕಾಯಿತು. ಕಾಡನ್ನು ಬಲ್ಲವರಿಗೇ ಹೀಗಾದರೆ ಪಟ್ಟಣದಿಂದ ಬಂದವರ ಪಾಡೇನು ಎಂಬ ಅಳುಕು ಸಹಜವಾದುದೇ.

ಈ ವಿಷಯದಲ್ಲಿ ರಾಜಶಾಸನ ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ನಮ್ಮ ಬೈಲಕುಪ್ಪೆಯ ಸೀಮೆಯಲ್ಲಿ ಒಂದು ವಿಶೇಷವಿದೆ. ಕೊಪ್ಪದ ಸೇತುವೆಯನ್ನು ದಾಟಿದರೆ ಆಚೆ ದಡ ಕೊಡಗು. ಈ ದಡದ ರೈತನು ಬೆಳೆ ಕಾಯಲು ಕೋವಿ ಇಟ್ಟುಕೊಳ್ಳಬೇಕಾದರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಪಡೆಯಬೇಕು. ಆ ದಡದಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯಿದೆ. ಬ್ರಿಟಿಷರ ಆಳ್ವಿಕೆಯಲ್ಲಿ 1861ರಲ್ಲಿ ಮಾರ್ಕ್ ಕಬ್ಬನ್ನರ ಕಾಲಕ್ಕೆ ದೊರೆತ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ ಆ ನಾಡಿನಲ್ಲಿ ಕೋವಿ ಕೇವಲ ಯಂತ್ರವಲ್ಲ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಸಂಪ್ರದಾಯ ಅವರದು. ಬೇಸಾಯದ ದಿನಗಳಲ್ಲಿ ಆಯುಧಗಳನ್ನು ದೇವರ ಕೋಣೆಯಲ್ಲಿರಿಸಿ, ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಂದು ಪೂಜಿಸಿ ಹೊರತೆಗೆಯುತ್ತಾರೆ. ಆಯುಧಕ್ಕೂ ವಿಶ್ರಾಂತಿಯ ಕಾಲವೊಂದುಂಟೆಂಬ ಕಟ್ಟುಪಾಡು ಅದರಲ್ಲಿ ಅಡಗಿದೆ. ಆ ಕಟ್ಟುಪಾಡಿಲ್ಲದೆ ಕೋವಿಯೊಂದನ್ನೇ ಎರವಲು ತರುವುದು ವಿವೇಕವಲ್ಲ.

ಇನ್ನು ಕಾಡಿನೊಳಗಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯಗಳಿಗೂ ರಾಷ್ಟ್ರೀಯ ಉದ್ಯಾನಗಳಿಗೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಯಾರೂ ಆಯುಧ ಸಹಿತರಾಗಿ ಪ್ರವೇಶಿಸುವಂತಿಲ್ಲ. ಕೋವಿಗೆ ಪರವಾನಗಿ ಇದ್ದ ಮಾತ್ರಕ್ಕೆ ಈ ನಿಷೇಧ ತಪ್ಪುವುದಿಲ್ಲ. ಹಾಗೆಂದು ಶಾಸನವು ಮನುಷ್ಯನ ಪ್ರಾಣವನ್ನು ಕಡೆಗಣಿಸಿಲ್ಲ. ತನ್ನ ಅಥವಾ ಮತ್ತೊಬ್ಬರ ಜೀವ ಉಳಿಸಲು ಸದ್ಭಾವನೆಯಿಂದ ಮೃಗವನ್ನು ಕೊಂದರೆ ಅದು ಅಪರಾಧವಲ್ಲವೆಂದು ಅದೇ ಕಾಯ್ದೆಯ 11ನೆಯ ಪ್ರಕರಣ ಹೇಳುತ್ತದೆ. ಆದರೆ ಕೂಡಲೇ ಒಂದು ನಿಬಂಧನೆಯನ್ನೂ ಜೋಡಿಸುತ್ತದೆ: ಆತ್ಮರಕ್ಷಣೆಯ ಪ್ರಸಂಗ ಒದಗಿದ ಗಳಿಗೆಯಲ್ಲಿ ಆ ಮನುಷ್ಯನು ಈ ಕಾಯ್ದೆಯನ್ನೇ ಮುರಿಯುತ್ತಿದ್ದರೆ ಅವನಿಗೆ ಈ ರಕ್ಷೆ ದೊರೆಯದು. ವಕೀಲರಿಗೆ ಇದು ಒಂದು ಉಪವಾಕ್ಯ. ನಮಗಾದರೋ ಇದರಲ್ಲಿ ಧರ್ಮಸೂಕ್ಷ್ಮವೊಂದು ಕಂಡಿತು. ತಾನಾಗಿ ಬಂದ ಅಪಾಯ ಬೇರೆ, ನಾವಾಗಿ ಹುಡುಕಿಕೊಂಡು ಹೋದ ಅಪಾಯ ಬೇರೆ. ಎರಡನೆಯದರ ಬೆಲೆಯನ್ನು ಇನ್ನೊಂದು ಜೀವದಿಂದ ವಸೂಲು ಮಾಡುವ ಅಧಿಕಾರ ನಮಗಿಲ್ಲ.

ಇಲ್ಲಿ ಕೆಲವರು ಪೂರ್ವಪಕ್ಷವನ್ನು ಹೂಡಬಹುದು. “ಶರಣರೂ ಆಯುಧ ಹಿಡಿದವರಲ್ಲವೇ? ಕಲ್ಯಾಣದ ವಿಪ್ಲವದ ಕಾಲದಲ್ಲಿ ಮಡಿವಾಳ ಮಾಚಿದೇವರು ಸೈನ್ಯಕ್ಕೆ ಎದುರಾಗಿ ನಿಲ್ಲಲಿಲ್ಲವೇ? ನಮ್ಮದು ವೀರಶೈವವಲ್ಲವೇ?” ಎಂದು. ಪ್ರಶ್ನೆ ಯೋಗ್ಯವಾದುದೇ. ನಮ್ಮ ಧರ್ಮ ಸರ್ವಥಾ ಕೈಕಟ್ಟಿ ಕುಳಿತುಕೊಳ್ಳಿರೆಂದು ಹೇಳಿಲ್ಲ. ಪಂಚಾಚಾರಗಳಲ್ಲಿ ಗಣಾಚಾರವೂ ಒಂದು. ಅನ್ಯಾಯವನ್ನು ಕಂಡು ಸಹಿಸದೆ ಎದುರು ನಿಲ್ಲುವುದೇ ಅದರ ತಿರುಳು. ಆದರೆ ಸಂದರ್ಭವನ್ನು ನೋಡಬೇಕು. ಪರಂಪರೆಯ ಕಥನಗಳು ಹೇಳುವಂತೆ, ಶರಣರು ಆಯುಧ ಹಿಡಿದದ್ದು ವಚನಗಳ ಕಟ್ಟುಗಳನ್ನೂ ವೃದ್ಧರನ್ನೂ ಸ್ತ್ರೀಯರನ್ನೂ ಉಳಿಸಿಕೊಂಡು ಉಳವಿಯತ್ತ ಸಾಗುವಾಗ, ಬೆನ್ನಟ್ಟಿ ಬಂದ ದಂಡಿನ ಎದುರು. ಅದು ಅವರು ಬಯಸಿ ಹೊರಟ ಪಯಣವಲ್ಲ. ಮೇಲಾಗಿ ಪಂಚಾಚಾರಗಳಲ್ಲಿ ಗಣಾಚಾರದ ಮಗ್ಗುಲಲ್ಲೇ ಭೃತ್ಯಾಚಾರವಿದೆ. ಎಲ್ಲರಿಗಿಂತ ತಾನು ಕಿರಿಯನೆಂದು ಬಾಗಿ ನಡೆಯುವ ಆಚಾರ ಅದು. ಇನ್ನು ‘ವೀರ’ ಎಂಬ ಪದಕ್ಕೆ ಸಿದ್ಧಾಂತ ಶಿಖಾಮಣಿಯು ಕೊಡುವ ನಿರ್ವಚನದಲ್ಲಿ ಖಡ್ಗದ ಮಾತೇ ಇಲ್ಲ. ಜೀವಶಿವರ ಐಕ್ಯವನ್ನು ತಿಳಿಸುವ ವಿದ್ಯೆಯಲ್ಲಿ ರಮಿಸುವವನೇ ವೀರನೆಂದು ಅದರ ಅಭಿಪ್ರಾಯ.

ನಮ್ಮ ನೆರೆಯಲ್ಲೇ ಇರುವ ಟಿಬೆಟಿನ ಬಂಧುಗಳ ಕಥೆಯೂ ಇಲ್ಲಿ ನೆನಪಾಗುತ್ತದೆ. 1959ರ ಮಾರ್ಚ್ 17ರ ರಾತ್ರಿ ದಲೈ ಲಾಮಾ ಅವರು ಲ್ಹಾಸಾದ ಅರಮನೆಯಿಂದ ಹೊರಬಿದ್ದಾಗ ಸಾಮಾನ್ಯ ಸೈನಿಕನ ವೇಷದಲ್ಲಿದ್ದರು. ಅವರ ಹೆಗಲ ಮೇಲೆ ಬಂದೂಕವಿತ್ತು. ಹಿಮದ ಕಣಿವೆಗಳಲ್ಲಿ ಅವರನ್ನು ಕಾಯುತ್ತ ಬಂದವರೂ ಶಸ್ತ್ರಧಾರಿಗಳೇ. ಅಹಿಂಸೆಯನ್ನು ಲೋಕಕ್ಕೆ ಬೋಧಿಸುವ ಸನ್ಯಾಸಿಯ ಹೆಗಲಿಗೂ ಒಂದು ರಾತ್ರಿ ಬಂದೂಕ ಏರಿತೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಆದರೆ ಅವರು ವಿಹಾರಕ್ಕೆ ಹೊರಟಿರಲಿಲ್ಲ. ಗಡಿ ದಾಟಿ ಬಂದ ಮೇಲೆ ಅವರು ಬಂದೂಕವನ್ನು ಬಾಳಿನ ಆಧಾರವಾಗಿಸಿಕೊಳ್ಳಲೂ ಇಲ್ಲ. 1960-61ರಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡುಭೂಮಿಯಲ್ಲಿ ಅವರ ಜನ ಬೈಲಕುಪ್ಪೆಗೆ ಬಂದು ನೆಲೆಸಿದರು. ಆನೆಗಳ ಕಾಟದ ನಡುವೆಯೇ ಮುಸುಕಿನ ಜೋಳ ಬೆಳೆದರು, ಮಠಗಳನ್ನು ಕಟ್ಟಿದರು. ಒದಗಿದ ಆಪತ್ತಿನಲ್ಲಿ ಹಿಡಿದ ಆಯುಧವನ್ನು ಆಪತ್ತು ಕಳೆದ ಮೇಲೆ ಇಳಿಸಬಲ್ಲೆವೇ ಎಂಬುದೇ ನಿಜವಾದ ಪರೀಕ್ಷೆ.

ಕೋವಿಯ ವಿಷಯದಲ್ಲಿ ನಮಗಿರುವ ಅಳುಕು ಪುಸ್ತಕದಿಂದ ಬಂದುದಲ್ಲ. ಮೂವತ್ತು ವರ್ಷಗಳಿಗೂ ಹಿಂದೆ, ನಾವು ಮೈಸೂರಿನಲ್ಲಿ ಸ್ನಾತಕೋತ್ತರ ವ್ಯಾಸಂಗದಲ್ಲಿದ್ದ ಕಾಲ. ಹೆಗ್ಗಡದೇವನಕೋಟೆಯ ಕಡೆ ಕಾಡಂಚಿನ ಊರೊಂದರಲ್ಲಿ ಶಿವಾನುಭವ ಗೋಷ್ಠಿ ಮುಗಿಸಿ ಮರಳುವಾಗ, ಮುಸ್ಸಂಜೆಯಲ್ಲಿ ಜೀಪು ಕೆಟ್ಟು ನಿಂತಿತು. ಜೊತೆಯಲ್ಲಿದ್ದ ಗೃಹಸ್ಥರೊಬ್ಬರ ಬಳಿ ಕೋವಿ ಇತ್ತು. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಲಂಟಾನದ ಪೊದೆ ಅಲುಗಿತು. ಒಬ್ಬರು ಹಂದಿಯೆಂದರು, ಮತ್ತೊಬ್ಬರು ಆನೆಯ ಮರಿಯೆಂದರು. ಆ ಗೃಹಸ್ಥರು ಕೋವಿ ಎತ್ತಿ ಹಿಡಿದಾಗ ನಮಗೆ ಧೈರ್ಯ ಬಂದದ್ದು ನಿಜ. ಗುಂಡು ಹಾರಿತು. ಬ್ಯಾಟರಿ ಬೆಳಕಿನಲ್ಲಿ ಹೋಗಿ ನೋಡಿದರೆ, ಮೇಯಲು ಹೋಗಿ ತಡವಾಗಿ ಹಾಡಿಗೆ ಮರಳುತ್ತಿದ್ದ ಹಸು. ಅದರ ಹಿಂದೆ ನಾಲ್ಕು ಮಾರು ದೂರದಲ್ಲಿ ಹತ್ತು ವರ್ಷದ ಹುಡುಗನೊಬ್ಬ ನಡುಗುತ್ತ ನಿಂತಿದ್ದ. ಮರುದಿನ ಹಸುವಿನ ಬೆಲೆಯನ್ನು ಕೊಟ್ಟದ್ದಾಯಿತು. ಆ ಹುಡುಗ ಅಂದು ಏನೂ ಮಾತಾಡಲಿಲ್ಲ. ಹಸುವಿನ ಕೊರಳ ಹಗ್ಗ ಬಿಚ್ಚಿಕೊಂಡು ಹೊರಟುಹೋದ. ಗುಂಡು ಹಾರಿಸಿದ ಕೈ ನಮ್ಮದಲ್ಲ. ಆದರೆ “ತಡೆಯಿರಿ” ಎಂಬ ಒಂದು ಮಾತು ನಮ್ಮ ಬಾಯಿಂದ ಹೊರಡಲಿಲ್ಲ. ನಾಲ್ಕು ಮಾರು ಆಚೆಗೆ ಬಿದ್ದಿದ್ದರೆ ಆ ಗುಂಡು ಯಾರಿಗೆ ತಗುಲುತ್ತಿತ್ತೆಂಬುದನ್ನು ನೆನೆದರೆ ಇಂದಿಗೂ ಇಷ್ಟಲಿಂಗ ಹಿಡಿದ ಕೈ ಕಂಪಿಸುತ್ತದೆ.

ಅಂದು ನಮಗೆ ತಿಳಿದದ್ದಿಷ್ಟು. ಕೋವಿಯು ಭಯವನ್ನು ಕಳೆಯುವಾಗ ಎಚ್ಚರವನ್ನೂ ಕಳೆಯುತ್ತದೆ. ಬರಿಗೈಯಲ್ಲಿದ್ದಿದ್ದರೆ ನಾವು ಏನು ಮಾಡುತ್ತಿದ್ದೆವು? ಜೀಪಿನೊಳಗೆ ಸೇರಿ, ದೀಪ ಹೊತ್ತಿಸಿ, ಹಾರನ್ ಬಾರಿಸಿ ಕಾಯುತ್ತಿದ್ದೆವು. ಹಸು ತನ್ನ ದಾರಿಯಲ್ಲಿ ಹೋಗುತ್ತಿತ್ತು. ಅಷ್ಟಕ್ಕೂ ರೊಚ್ಚಿಗೆದ್ದು ನುಗ್ಗಿ ಬರುವ ಆನೆಯನ್ನು ಅನುಭವವಿಲ್ಲದ ಕೈ ಎರಡು ತೋಟಾಗಳಿಂದ ತಡೆಯುವುದು ಎಲ್ಲಿಯ ಮಾತು? ಗಾಯಗೊಂಡ ಪ್ರಾಣಿ ಇನ್ನಷ್ಟು ಕೆರಳುತ್ತದೆ. ಅದರ ಕೋಪದ ಫಲವನ್ನು ಉಣ್ಣುವವರು ಊರಿಗೆ ಮರಳಿದ ಪ್ರವಾಸಿಗರಲ್ಲ. ಮರುದಿನ ಸೌದೆಗೆ ಹೋಗುವ ಹೆಂಗಸು, ರಾತ್ರಿ ಅಟ್ಟಣೆಯ ಮೇಲೆ ಕುಳಿತು ರಾಗಿಯ ಹೊಲ ಕಾಯುವ ಮುದುಕ.

ಹಾಗಾದರೆ ಯಾರೂ ಆಯುಧ ಹಿಡಿಯಬಾರದೇ? ನಾವು ಹಾಗೆನ್ನಲಾರೆವು. ಕಾಯಕಕ್ಕೂ ವಿಹಾರಕ್ಕೂ ಇರುವ ಭೇದವನ್ನು ಶರಣಧರ್ಮ ನಮಗೆ ಕಲಿಸಿದೆ. ಅರಣ್ಯರಕ್ಷಕನ ಹೆಗಲ ಕೋವಿ ಅವನ ಕಾಯಕದ ಸಾಧನ. ಅವನಿಗೆ ತರಬೇತಿಯಿದೆ, ಮೇಲಿನವರಿಗೆ ಉತ್ತರ ಹೇಳುವ ಹೊಣೆಯಿದೆ, ಕಾಡನ್ನು ಬಿಟ್ಟು ಮನೆಯಲ್ಲಿ ಕೂರುವ ಅವಕಾಶವಿಲ್ಲ. ಪರವಾನಗಿ ಪಡೆದ ಕಾಡಂಚಿನ ರೈತನ ಕೋವಿಯೂ ಬಹುಮಟ್ಟಿಗೆ ಗಾಳಿಯಲ್ಲಿ ಸದ್ದು ಮಾಡಿ ಬೆಳೆ ಉಳಿಸಿಕೊಳ್ಳುವ ಸಾಧನ. ವಿಹಾರಕ್ಕೆ ಹೋಗುವವನಿಗೆ ಈ ಯಾವ ನಿರ್ಬಂಧವೂ ಇಲ್ಲ. ಅವನು ಅಲ್ಲಿಗೆ ಅತಿಥಿ. ಅದೂ ಕರೆಯದೆ ಬಂದ ಅತಿಥಿ. ಅತಿಥಿಯು ಮನೆಯವರನ್ನು ಕೊಲ್ಲುವ ಸಿದ್ಧತೆಯೊಂದಿಗೆ ಹೊಸ್ತಿಲು ದಾಟುವುದು ಯಾವ ಧರ್ಮ?

ಬರಿಗೈಯವನಿಗೆ ಅಪಾಯವಿಲ್ಲವೆಂದು ಹೇಳಿ ನಾವು ಯಾರನ್ನೂ ವಂಚಿಸಲಾರೆವು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ವೀರಪ್ಪನ್ ಶರಣಾಗುತ್ತಾನೆಂಬ ನಂಬಿಕೆಯಿಂದ 1991ರ ನವೆಂಬರಿನಲ್ಲಿ ಆಯುಧವಿಲ್ಲದೆ ಹೋಗಿ ಅವನ ಕೈಯಲ್ಲಿ ಹತರಾದರು. ಅಹಿಂಸೆಯು ಪ್ರಾಣಕ್ಕೆ ಮಾಡಿಸಿದ ವಿಮೆಯಲ್ಲವೆಂಬುದಕ್ಕೆ ಅವರ ಬಲಿದಾನವೇ ಸಾಕ್ಷಿ. ರಾಷ್ಟ್ರವು ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರವನ್ನಿತ್ತು ಗೌರವಿಸಿತು. ಆದರೆ ಅವರು ಗೋಪಿನಾಥದ ಜನರ ನಡುವೆ ಇದ್ದು, ಅವರಿಗೆ ಗುಡಿ ಕಟ್ಟಿಸಿಕೊಟ್ಟು, ಅವರ ಕಷ್ಟಸುಖಗಳಲ್ಲಿ ಬೆರೆತು, ಆ ಬಾಳಿನ ಮುಂದುವರಿಕೆಯಾಗಿ ಆ ಅಪಾಯವನ್ನು ಒಪ್ಪಿಕೊಂಡವರು. ಅಂಥ ಒಪ್ಪಿಗೆಯನ್ನು ರಜೆಯ ಎರಡು ದಿನಗಳ ಸಂತೋಷಕ್ಕಾಗಿ ಹೆಂಡತಿ ಮಕ್ಕಳ ಪರವಾಗಿ ಯಾರೂ ಕೊಡಬಾರದು. ಅಕ್ಕಮಹಾದೇವಿಯವರು ಏಕಾಂಗಿಯಾಗಿ ಕಾಡುಮೇಡುಗಳನ್ನು ದಾಟಿ ಶ್ರೀಶೈಲಕ್ಕೆ ನಡೆದರು, ನಿಜ. ಅವರು ದೇಹವನ್ನೇ ಚೆನ್ನಮಲ್ಲಿಕಾರ್ಜುನನಿಗೆ ಅರ್ಪಿಸಿದ್ದವರು. ಆ ನಿಲುವು ನಮಗಿಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಆ ಶ್ರದ್ಧೆಯೂ ಇಲ್ಲದೆ ಕಾಡಿನ ಅರಿವೂ ಇಲ್ಲದೆ ಇರುವವನಿಗೆ ಉಳಿದ ಮಾರ್ಗ ಒಂದೇ: ಹೋಗಬಾರದ ಕಡೆ ಹೋಗದಿರುವುದು.

ನಮ್ಮ ನಾಡಿನ ಜೇನುಕುರುಬರು ತಲೆಮಾರುಗಳಿಂದ ಈ ಕಾಡಿನಲ್ಲಿ ಬಾಳಿದ್ದಾರೆ. ಅವರ ರಕ್ಷೆ ಕೋವಿಯಲ್ಲ, ಅರಿವು. ಗಾಳಿ ಬೀಸುವ ದಿಕ್ಕು, ಮುರಿದ ಟೊಂಗೆ, ಹಸಿ ಲದ್ದಿ, ಹಕ್ಕಿಯ ಕೂಗು, ಇವೆಲ್ಲ ಅವರಿಗೆ ಓದಲು ಬರುವ ಅಕ್ಷರಗಳು. ಆನೆಯಿದೆಯೆಂದು ತಿಳಿದರೆ ಅವರು ಹಿಂದೆ ಸರಿಯುತ್ತಾರೆ. ಅದನ್ನು ಅವಮಾನವೆಂದು ಎಣಿಸುವುದಿಲ್ಲ. ನಾವು ಭೃತ್ಯಾಚಾರವೆಂದು ಗ್ರಂಥದಲ್ಲಿ ಓದುವುದನ್ನು ಅವರು ಕಾಲ್ದಾರಿಯಲ್ಲಿ ಆಚರಿಸುತ್ತಾರೆ.

ಆ ದಿನ ನಾವು ನಮ್ಮ ಹಳೆಯ ವಿದ್ಯಾರ್ಥಿಗೆ ಹೇಳಿದ್ದು ಇಷ್ಟೇ: “ಹೋಗಿ ಬಾ ಅಪ್ಪ, ಬೇಡವೆನ್ನುವುದಿಲ್ಲ. ಅನುಮತಿಯಿರುವ ದಾರಿಯಲ್ಲೇ ಹೋಗು. ಸ್ಥಳ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೋ. ಹೊತ್ತು ಮುಳುಗುವ ಮೊದಲೇ ಊರು ಸೇರು. ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ ಅದಕ್ಕೆ ದಾರಿ ಬಿಡು. ಕೋವಿಯಿಲ್ಲದೆ ಹೋಗಲು ಎಲ್ಲಿ ಭಯವೆನಿಸುತ್ತದೆಯೋ ಅಲ್ಲಿಗೆ ಮಕ್ಕಳನ್ನು ಕರೆದೊಯ್ಯಬೇಡ.” ಅವರು ತುಸು ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, “ನಮ್ಮ ತಂದೆಯವರು ಇದನ್ನು ಹೊಗೆಸೊಪ್ಪಿನ ಹೊಲದ ಆಚೆಗೆ ಎಂದೂ ಒಯ್ದವರಲ್ಲ ಬುದ್ಧೀ” ಎಂದರು. ನಾವು ಆಗ ಕೋವಿಗೆ ವಿಭೂತಿ ಹಚ್ಚಿ, ಮನೆಯಲ್ಲೇ ಭದ್ರವಾಗಿಡೆಂದು ಹೇಳಿ ಕೊಟ್ಟೆವು.

ಅಷ್ಟಾವರಣಗಳನ್ನು ನಾವು ಆವರಣವೆಂದು ಕರೆಯುತ್ತೇವೆ. ಆವರಣವೆಂದರೆ ಸುತ್ತಲೂ ನಿಂತು ಕಾಯುವ ರಕ್ಷೆ. ಅವು ಹುಲಿಯ ಉಗುರನ್ನು ತಡೆಯುತ್ತವೆಂದು ನಾವು ಹೇಳುತ್ತಿಲ್ಲ. ನಮ್ಮೊಳಗಿನಿಂದ ಏಳುವ ಹಿಂಸೆಯನ್ನು, ಭಯದಿಂದ ಹುಟ್ಟುವ ದುಡುಕನ್ನು ಅವು ತಡೆಯಬಲ್ಲವು. ಅಂದಿನ ಮುಸ್ಸಂಜೆಯಲ್ಲಿ ನಮ್ಮ ಬಾಯಿಗೆ ಬಾರದೆ ಹೋದ “ತಡೆಯಿರಿ” ಎಂಬ ಮಾತು, ಅಗತ್ಯ ಬಿದ್ದಾಗ ಸದ್ಭಕ್ತರೆಲ್ಲರ ಬಾಯಲ್ಲಿ ಬರುವಂತಾಗಲಿ ಎಂದು ಹಾರೈಸುತ್ತೇವೆ.