ರಾಕ್ಷಸನಿಗೆ ಹೇಳಿದ ಸುಳ್ಳು

ಏಳು ಸಮುದ್ರದಾಚೆಯ ಗಿಣಿಯೊಂದರಲ್ಲಿ ಪ್ರಾಣ ಬಚ್ಚಿಟ್ಟ ರಾಕ್ಷಸನ ಕಥೆ ನಮ್ಮಲ್ಲಿ ಅನೇಕರಿಗೆ ಅಜ್ಜಿಯರ ಬಾಯಿಂದಲೇ ಬಂದದ್ದು. ಅವನ ಕೋಟೆಯಲ್ಲಿ ಸೆರೆಯಾದ ರಾಜಕುಮಾರಿ ಒಂದು ರಾತ್ರಿ ಅಳುತ್ತಾಳೆ: ನಿನಗೇನಾದರೂ ಆದರೆ ನನ್ನ ಗತಿಯೇನು? ರಾಕ್ಷಸ ಕರಗುತ್ತಾನೆ, ಗುಟ್ಟು ಹೇಳುತ್ತಾನೆ. ರಾಜಕುಮಾರ ಹೋಗಿ ಗಿಣಿಯ ಕತ್ತು ಮುರಿಯುತ್ತಾನೆ.

ಕಳೆದ ಬೇಸಿಗೆಯಲ್ಲಿ ತುರುವೇಕೆರೆ ಕಡೆಯ ನಮ್ಮೂರಲ್ಲಿ ಅಕ್ಕನ ಮಗಳಿಗೆ ಈ ಕಥೆ ಹೇಳಿದೆ. ಎಂಟು ವರ್ಷದ ಅವಳು ಆಗಷ್ಟೇ ಪುಣ್ಯಕೋಟಿಯ ಹಾಡು ಕಲಿತಿದ್ದಳು. "ಚಿಕ್ಕಮ್ಮ, ಅವಳು ಅತ್ತಿದ್ದು ಸುಳ್ಳು ಅಲ್ವಾ? ಪುಣ್ಯಕೋಟಿ ಸುಳ್ಳು ಹೇಳಲಿಲ್ಲ" ಎಂದಳು. ತತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಕಾಂಟ್ 1797ರ ಒಂದು ಪ್ರಬಂಧದಲ್ಲಿ, ಗೆಳೆಯನನ್ನು ಕೊಲ್ಲಲು ಹುಡುಕಿಕೊಂಡು ಬಂದವನಿಗೂ ಸುಳ್ಳು ಹೇಳಕೂಡದು ಎಂದು ವಾದಿಸಿದ. ಅವನ ಲೆಕ್ಕದಲ್ಲಿ ರಾಜಕುಮಾರಿ ತಪ್ಪಿತಸ್ಥೆ. ಆದರೆ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಅರ್ಬುತ ಹಸಿದ ಹುಲಿ, ಆದರೂ ಪುಣ್ಯಕೋಟಿಯ ಮಾತು ನಂಬಿ ದಾರಿ ಬಿಟ್ಟ. ಆ ನಂಬಿಕೆಯೇ ಅವಳನ್ನು ಕಟ್ಟಿಹಾಕಿತು. ರಾಕ್ಷಸ ಬಾಗಿಲು ತೆರೆಯಲೇ ಇಲ್ಲ. ಬೀಗ ಹಾಕಿಟ್ಟವಳಿಂದ ಅವನು ನಿಜವಾದ ಕಣ್ಣೀರನ್ನು ಬಯಸಿದ. ಬೇಡ ಎನ್ನುವ ಸ್ವಾತಂತ್ರ್ಯವಿದ್ದವರು ಮಾತ್ರ ಕೊಡಬಹುದಾದದ್ದು ಅದು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಕಥೆಯನ್ನು ನನಗೆ ಹೇಳಿದ ಅಜ್ಜಿಯೂ ಒಂದು ಸುಳ್ಳು ಹೇಳಿದ್ದರು.

ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಸುಮಾರು ಒಂದು ವರ್ಷ ಬಿಡುತ್ತಾರೆ. ನೀರು ಇಂಗಿ, ಒಳಗೆ ಗಿಟುಕು ಅಲುಗಾಡುವ ಹೊತ್ತಿಗೆ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಸಿದ್ಧ. ದುಡ್ಡು ಗಂಡಸರ ಕೈಗೆ. ಹೆಣ್ಣುಮಗುವಿಗೆ ಏಳನೇ ತರಗತಿ ಸಾಕೆಂದು ಅಜ್ಜ ತೀರ್ಮಾನಿಸಿದಾಗ, ಅಜ್ಜಿ ಅಟ್ಟದಿಂದ ಅಷ್ಟಷ್ಟು ಕಾಯಿ ಇಳಿಸಿ, ಕದ್ದು ಮಾರಿ, ಅಮ್ಮನ ಹೈಸ್ಕೂಲಿಗೆ ಕಟ್ಟಿದರು. ತವರಿನವರು ಓದಿಸುತ್ತಿದ್ದಾರೆ ಎಂದರು. ಕಾಯಿ ಕಡಿಮೆಯಾದದ್ದಕ್ಕೆ "ಇಲಿ ತಿಂದ್ವು" ಎಂದರು.

ಅಜ್ಜ ರಾಕ್ಷಸರಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ತೋಟ ಸುತ್ತಿಸಿದವರು. ನನ್ನ ವಾದ ತೊಡಕಾಗುವುದು ಇಲ್ಲೇ. ಪ್ರೀತಿಸುವವರೂ ಬೀಗ ಹಾಕುತ್ತಾರೆ, ಅಂಥವರಿಗೆ ಹೇಳಿದ ಸುಳ್ಳು ಹೇಳಿದವರನ್ನೂ ಚುಚ್ಚುತ್ತದೆ. ಅಜ್ಜ ಹೋದ ಮೇಲೆ ಒಮ್ಮೆ ಅಜ್ಜಿ ನನಗೆ ಹೇಳಿದ್ದರು: "ಮಾಡಿದ್ದು ತಪ್ಪು ಅಂತ ಅನ್ಸಲ್ಲ ಮಗ. ಆದ್ರೆ ಅವರತ್ರ ನಿಜ ಹೇಳೋ ಹಂಗಿದ್ದಿದ್ರೆ ಚೆನ್ನಾಗಿರೋದು."

ಕನ್ನಡದಲ್ಲಿ 'ಭರವಸೆ' ಎಂದರೆ ಮುಂದಿನ ದಿನದ ಮೇಲಿನ ಆಸೆಯೂ ಹೌದು, ಇನ್ನೊಬ್ಬರಿಗೆ ಕೊಡುವ ಮಾತೂ ಹೌದು. ಪುಣ್ಯಕೋಟಿಗೆ ಎರಡನೆಯದು ಸಾಧ್ಯವಾಯಿತು. ರಾಜಕುಮಾರಿಗೆ ಉಳಿದದ್ದು ಮೊದಲನೆಯದಷ್ಟೇ. ಅವಳು ಅದನ್ನು ಕಿಟಕಿಯ ಬಳಿ ಕೂತು ಕಾಯುವುದರಲ್ಲಿ ಕಳೆಯದೆ, ಒಂದು ಪ್ರಶ್ನೆ ಕೇಳಿದಳು. ಆ ಪ್ರಶ್ನೆ ಇಲ್ಲದೆ ರಾಜಕುಮಾರನ ಕತ್ತಿ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ.

ಅಕ್ಕನ ಮಗಳಿಗೆ ಕೊನೆಗೆ ಹೇಳಿದ್ದಿಷ್ಟು: ಅವಳು ಹೇಳಿದ್ದು ಸುಳ್ಳೇ. ಆದರೆ ನಿಜ ಹೇಳಲು ಆ ಮನೆಯಲ್ಲಿ ಜಾಗವಿರಲಿಲ್ಲ, ಜಾಗ ಕೊಡದ ತಪ್ಪು ಅವಳದಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ನಮ್ಮನೇಲಿ ಜಾಗ ಇದೆಯಾ?"